ಬುಕ್ಕಸಾಗರದ ಗದ್ದೆಯಲ್ಲಿ ಒಂದು ಬೇಸಿಗೆಯ ರಾತ್ರಿ

ಇವತ್ತು ಮಾಡಿದ ಕೆಲಸ: ಐದಕ್ಕೆ ಎದ್ದು ನಲ್ಲಿ ನೀರು ಹಿಡಿದೆ. ಹಾಲು ಕಾಯಿಸಿದೆ. ಇವರ ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ ತುಂಬಿ ಮೊದಲ ಪಾಳಿಯ ಬಸ್ಸಿಗೆ ಕಳಿಸಿದೆ. ಎರಡು ಹೊದಿಕೆ ಒಗೆದೆ. ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ. ಆಮೇಲೆ ಬುಕ್ಕಸಾಗರಕ್ಕೆ ಹೋಗಿ, ನೀರು ನಿಲ್ಲಿಸಿದ ಒಂದು ಗದ್ದೆಯಲ್ಲಿ, ನನ್ನ ಕಾಲು ಕೊಯ್ಯುತ್ತದೋ ಇಲ್ಲವೋ ನೋಡಲಿಕ್ಕೆ, ಬರಿಗಾಲಲ್ಲಿ ಈ ಬದುವಿನಿಂದ ಆ ಬದುವಿಗೆ ನಡೆದೆ. ಮನೆಗೆ ಬಂದು ಉಗುರುಸಂದಿಯ ಕೆಸರನ್ನು ಹಳೆಯ ಬ್ರಷ್ಷಿನಲ್ಲಿ ತಿಕ್ಕಿ ತೆಗೆದೆ.

ಮೈಸೂರಿನಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳ ದಿನದ ಪಟ್ಟಿಯಲ್ಲಿ ಇಂಥದ್ದೊಂದು ಕೆಲಸ ಸೇರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅಲ್ಲಿಯ ನೀವೆಲ್ಲ ಫೋನಿನಲ್ಲಿ ಕೇಳುವುದು ಒಂದೇ ಮಾತು: "ಹಂಪಿ ಪಕ್ಕದಲ್ಲೇ ಇದ್ದೀಯ, ವಾರವಾರ ಸುತ್ತಾಟ, ಮಜಾ ಅಲ್ವಾ?" ಆ ಮಜಾದ ಕಥೆಯನ್ನೇ ಬರೆಯುತ್ತೇನೆ.

ಇವರಿಗೆ ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಹೊಸಪೇಟೆಗೆ ಬಂದದ್ದು ಹೋದ ಮಳೆಗಾಲದ ಕೊನೆಗೆ. ಮೊದಲು ಕಾರ್ಖಾನೆಯ ಪಕ್ಕದ ಕುರೆಕುಪ್ಪದಲ್ಲಿ ಮನೆ ನೋಡಿದೆವು. ಕಿಟಕಿಯ ಅಂಚಿಗೆ ಬೆರಳಿಟ್ಟರೆ ಕೆಂಪು ಧೂಳು ಮೆತ್ತಿಕೊಳ್ಳುತ್ತಿತ್ತು. ಬೇಡವೆಂದು ಹೊಸಪೇಟೆಯಲ್ಲೇ ಗೌರಕ್ಕನ ಮನೆಯ ಮಹಡಿ ಹಿಡಿದೆವು. ಗೌರಕ್ಕ ನನಗಿಂತ ಹತ್ತು ವರ್ಷ ಹಿರಿಯರು. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಗದರಿಕೆ. ಮೊದಲ ದಿನ ಮೆಟ್ಟಿಲ ಕೆಳಗಿನಿಂದಲೇ ಕೂಗಿದರು: "ಏನ್ ನಿಂತು ನೋಡ್ತೀರಿ, ಬರ್ರಿ, ಕುಂದ್ರಿ, ಒಗ್ಗರಣಿ ತಿನ್ರಿ." ನಮ್ಮಲ್ಲಿ ಒಗ್ಗರಣೆ ಅಂದರೆ ಸಾಸಿವೆ ಸಿಡಿಸುವುದು. ಇಲ್ಲಿ ಅದು ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿ ಹಾಕಿ ಕಲಸಿದ ತಿಂಡಿ. ಜೊತೆಗೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಒಂದು ಕಚ್ಚಿದ್ದಕ್ಕೆ ಕಣ್ಣೀರು ಬಂತು. "ಅಯ್ಯ, ಮೈಸೂರಮ್ಮ ಅತ್ತುಬಿಟ್ರಲ್ಲ!" ಎಂದರು. ಅವತ್ತಿನಿಂದ ಓಣಿಗೆಲ್ಲ ನಾನು ಮೈಸೂರಮ್ಮ.

ಬೇಸಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಹಗಲು ಅನ್ನುವುದು ಬಾಗಿಲು ಹಾಕಿಕೊಂಡು ಕೂರಲಿಕ್ಕೆ. ಮೈಸೂರಿನಲ್ಲಿ ಏಪ್ರಿಲ್ ಸಂಜೆ ಒಂದು ಮಳೆ ಹೊಡೆದು ತಂಪು ಮಾಡಿಹೋಗುತ್ತದೆ. ಇಲ್ಲಿ ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಒಲೆಯ ಪಕ್ಕ ಮುಟ್ಟಿದ ಹಾಗೆ. ಜನ ಎಲ್ಲದಕ್ಕೂ ರಾತ್ರಿಯನ್ನೇ ಕಾಯುತ್ತಾರೆ. ಓಣಿಯವರು ಕಟ್ಟೆಯ ಮೇಲೆ ಕೂತು ಹರಟುತ್ತಾರೆ, ಮಾಳಿಗೆಯಲ್ಲಿ ಚಾಪೆ ಹಾಸುತ್ತಾರೆ. ಇವರ ಆಫೀಸಿನವರು ಮಾತ್ರ ಹಾಗಲ್ಲ. ಎಲ್ಲ ಬೇರೆಬೇರೆ ಊರಿನಿಂದ ಬಂದವರು, ಕೈಯಲ್ಲಿ ಕಾರು, ಶನಿವಾರ ಬಂತೆಂದರೆ "ಎಲ್ಲಿಗೆ?" ಅನ್ನುವುದೊಂದೇ ಚಿಂತೆ.

ಒಂಟಿತನ ಕಾಡುತ್ತಿತ್ತು, ನಾನೂ ಹೋದೆ. ಒಂದು ಶನಿವಾರ ಹಂಪಿಯ ಹೊಳೆಯಾಚೆ ಮಾಳಿಗೆ ಹೋಟೆಲು. ನೆಲದ ಮೇಲೆ ಹಾಸಿಗೆ ಹಾಕಿ ಒರಗಿಸಿ ಊಟ ಕೊಡುತ್ತಾರೆ. ಆ ಹಾಸಿಗೆಗೆ ಯಾರ್ಯಾರದೋ ಬೆವರು, ಚೆಲ್ಲಿದ ಸಾಸು, ನಾಯಿಯ ವಾಸನೆ. ಆರಿದ ನೂಡಲ್ಸಿನ ಮೇಲೆ ಒಂದು ಉದ್ದ ಕೂದಲು. ತೋರಿಸಿದರೆ ಎಲ್ಲರೂ ನಕ್ಕರು, ನಾನೂ ನಕ್ಕು ಕೂದಲು ತೆಗೆದಿಟ್ಟು ಉಣ್ಣುವವಳ ಹಾಗೆ ನಟಿಸಿದೆ. ಇನ್ನೊಂದು ಶನಿವಾರ ಸಂಡೂರಿನ ಗುಡ್ಡ. ಚಂದ್ರ ಅಷ್ಟು ಚೆನ್ನಾಗಿ ಬಂದಿದ್ದ, ನೋಡಿದವರಿಲ್ಲ. ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರ್ ಕಾರಿನ ಹಿಂದೆ ಗುದ್ದುತ್ತಿತ್ತು, ಯಾರೋ ಖಾಲಿ ಬಾಟಲಿಯನ್ನು ಕಣಿವೆಗೆ ಬೀಸಿ ಅದು ಒಡೆಯುವ ಸದ್ದಿಗೆ ಚಪ್ಪಾಳೆ ಹೊಡೆದರು. ವಾಪಸು ಬರುವಾಗ ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದ. ಗಾಳಿಗೆ ಅದು ಹಿಂದಿನ ಗಾಜಿಗೆಲ್ಲ ಬಳಿದುಕೊಂಡಿತು. ಮರುದಿನ ಕಾರು ತೊಳೆದದ್ದು ಅವನಲ್ಲ, ಅವನ ಹೆಂಡತಿ.

ಇಷ್ಟು ಕಂಡ ಮೇಲೂ ನಾನು ತಪ್ಪು ಮಾಡಿದೆನಲ್ಲ, ಅದನ್ನೇ ಹೇಳಬೇಕು. ಮೇ ತಿಂಗಳಲ್ಲಿ ಆಫೀಸಿನವರು ಬಯಲಲ್ಲಿ ಒಂದು ಸಂಗೀತದ ರಾತ್ರಿ, ಅಲ್ಲೇ ಊಟ ಅಂತ ಯೋಚನೆ ಹಾಕಿದರು. ಜಾಗ ಸಿಗಲಿಲ್ಲ. ಎಲ್ಲರ ಎದುರಿಗೆ ನಾನು, "ನಮ್ಮ ಗೌರಕ್ಕನ ತಮ್ಮನ ಗದ್ದೆ ಇದೆ ಬುಕ್ಕಸಾಗರದಲ್ಲಿ, ಕೊಯ್ಲಾಗಿದೆ, ಕೇಳಲಾ?" ಅಂದುಬಿಟ್ಟೆ. ಎಂಟು ತಿಂಗಳಲ್ಲಿ ಮೊದಲ ಸಲ ಎಲ್ಲರೂ ನನ್ನ ಕಡೆ ತಿರುಗಿದರು. ನನಗೂ ಈ ಸೀಮೆಯಲ್ಲಿ ನನ್ನವರು ಅಂತ ಇದ್ದಾರೆ ಎಂದು ತೋರಿಸುವ ಚಪಲ, ಬೇರೇನಲ್ಲ.

ಗೌರಕ್ಕ ಕೂಡಲೇ ಒಪ್ಪಲಿಲ್ಲ. "ಭೂಮಿ ಬರೇ ಬಿದ್ದೈತಿ, ಖರೆ. ಆದ್ರ ನಮ್ಮ ಗದ್ದಿಗೆ ಚಪ್ಲಿ ಹಾಕ್ಕೊಂಡು ಯಾರೂ ಇಳಿಯಂಗಿಲ್ಲ. ಬದುವಿನ ಮ್ಯಾಲೆ ಬಿಟ್ಟು ಇಳೀಬೇಕು. ಅಷ್ಟು ನಡಸ್ಕೊಡ್ತೀರೇನು?"

"ನಾನಿದ್ದೀನಲ್ಲ ಗೌರಕ್ಕ, ನೋಡಿಕೊಳ್ಳುತ್ತೇನೆ."

ರಸ್ತೆಯ ಪಕ್ಕ, ಬದು ಕಟ್ಟಿದ ಮೂರು ಮಡಿ. ಗದ್ದೆ ಮಾಡುವವನು ಅವರ ತಮ್ಮ ಬಸವರಾಜ. ನಲವತ್ತರ ಆಳು, ಅಕ್ಕನ ಎದುರು ಹದಿನಾಲ್ಕರ ಹುಡುಗನಷ್ಟು ಮೆತ್ತಗೆ. "ಮೈಸೂರಮ್ಮ ಹೇಳಿದ್ಮ್ಯಾಲೆ ಮುಗೀತಲ್ರಿ" ಎಂದ.

ಆ ರಾತ್ರಿ ನಮಗೆ ಕೊಟ್ಟ ಮಡಿ ಗಟ್ಟಿ ನೆಲವಾಗಿ, ಕೊಯ್ದ ಭತ್ತದ ಕೂಳೆ ಮಾತ್ರ ಕಾಲಿಗೆ ಚುಚ್ಚುವಂತಿತ್ತು. ಬದುವಿನ ಮೇಲೆ ನಿಂತು ಮೊದಲ ನಾಲ್ಕು ಜನಕ್ಕೆ ಹೇಳಿದೆ, "ಚಪ್ಪಲಿ ಇಲ್ಲಿ ಬಿಡಿ, ಇಲ್ಲಿಯ ಪದ್ಧತಿ." ಒಬ್ಬಾಕೆ ತನ್ನ ಹಿಮ್ಮಡಿ ಎತ್ತರದ ಚಪ್ಪಲಿ ನೋಡಿಕೊಂಡು, "ಆಂಟಿ, ಇದೇನು ದೇವಸ್ಥಾನವಾ?" ಅಂದಳು. ಹಿಂದಿನವರು ನಕ್ಕರು. ಐದನೆಯವರಿಗೆ ನಾನು ಹೇಳಲಿಲ್ಲ. ಹತ್ತು ನಿಮಿಷ ಕಳೆದು ನಾನೂ ಚಪ್ಪಲಿ ಹಾಕಿಕೊಂಡೇ ಇಳಿದೆ. ಹಾಡು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ತಾಳ ಹಾಕಿದೆ, ಎರಡು ಸಲ ಐಸ್‌ಕ್ರೀಂ ತಿಂದೆ. ಹಿಂದುಗಡೆ ಕತ್ತಲಲ್ಲಿ ಗಾಜು ಒಡೆಯುವ ಸದ್ದು ಕೇಳಿತು. ಕೇಳಿದವಳು ಕೇಳದವಳ ಹಾಗೆ ಕೂತೆ. ಬರಿಗಾಲಲ್ಲಿ ಇದ್ದವರು ಯಾರೂ ಕೂತ ಜಾಗದಲ್ಲಿ ಬಾಟಲಿ ಒಡೆಯುವುದಿಲ್ಲ. ಆ ಪದ್ಧತಿ ಯಾಕಿದೆ ಎಂದು ನನಗೆ ತಿಳಿದದ್ದು ಆಮೇಲೆ.

ಮರುದಿನ ಬೆಳಿಗ್ಗೆ ಬಸವರಾಜ ಕಂಡದ್ದನ್ನು, ಎಲ್ಲ ಬಯಲಾದ ಮೇಲೆ, ಅವನ ಬಾಯಲ್ಲೇ ಕೇಳಿದೆ: ತಟ್ಟೆಗಳ ರಾಶಿ, ಅದರಲ್ಲಿ ಬಿಸಿಲಿಗೆ ಹುಳಿತು ಉಕ್ಕುವ ಅನ್ನ, ನೊಣ, ಮೂಲೆಯಲ್ಲಿ ಉಚ್ಚೆ ಹೊಯ್ದ ನಾತ, ಅಂಗೈಯಗಲ ಒಣಗಿದ ವಾಂತಿಯ ಮೇಲೆ ಇರುವೆ ಸಾಲು, ಮತ್ತೆ ಎಲ್ಲಿ ನೋಡಿದರೂ ಮಿಣಮಿಣ ಗಾಜು. ಕಾರ್ಯಕ್ರಮ ನಡೆಸಿಕೊಟ್ಟ ತಂಡ ತನ್ನ ದೀಪ, ತಂತಿ, ಕುರ್ಚಿ ಎಣಿಸಿ ಒಯ್ದಿತ್ತು, ಉಳಿದದ್ದು ಅದರದ್ದಲ್ಲ. ಮಧ್ಯಾಹ್ನ ಅಕ್ಕ ಬರುವವರಿದ್ದರು. ಅಕ್ಕನ ಕಣ್ಣಿಗೆ ಇದು ಬೀಳಬಾರದು ಅಂತ ಅವನು ಕೈಗೆ ಸಿಕ್ಕ ತಟ್ಟೆ ಬಳಿದು ಸುಟ್ಟ, ಗೆಳೆಯನ ಟ್ರ್ಯಾಕ್ಟರ್ ಕರೆಸಿ ಆ ಇಡೀ ಮಡಿಯನ್ನು ಮಗುಚಿ ಹಾಕಿಸಿಬಿಟ್ಟ. ಗೌರಕ್ಕ ಬಂದಾಗ ಮಣ್ಣು ಹಸನಾಗಿ ಕಾಣುತ್ತಿತ್ತು. "ಇಷ್ಟು ಜಲ್ದಿ ಯಾಕಲೇ ನೇಗಿಲು?" ಎಂದರಂತೆ. "ಬಿಸಿಲಿಗೆ ಮಣ್ಣು ಕಾಯ್ಲಿ ಅಂತಕ್ಕ" ಎಂದನಂತೆ. ಗಾಜೆಲ್ಲ ಒಂದು ಗೇಣು ಕೆಳಗೆ ಹೋಗಿ ಕೂತಿತು.

ಅದು ಬಯಲಾದದ್ದು ಜೂನ್‌ನಲ್ಲಿ. ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಹುಲಿಗೆವ್ವ ಮುಂದಾಳು. ಅವಳಿಗೆ ಎಲೆ ಅಡಿಕೆ ಕೊಟ್ಟರೆ ಮಾತು ಕೊಟ್ಟ ಹಾಗೆ. ಆ ಮೇಲೆ ಹದಿನೈದು ಹೆಂಗಸರು ಬೇರೆ ಯಾರ ಗದ್ದೆಗೂ ಮೊದಲು ಇಳಿಯುವುದಿಲ್ಲ. ಎಲೆ ತೆಗೆದುಕೊಂಡು ಬದುವಿನಗುಂಟ ನಡೆದವಳು ಬಗ್ಗಿ ಮಣ್ಣಿನಿಂದ ಒಂದು ಬಾಟಲಿಯ ಕೊರಳು ಎತ್ತಿದಳು. ಕಾಲಲ್ಲಿ ಇನ್ನಷ್ಟು ಕೆದರಿದಳು, ಮತ್ತೂ ಗಾಜು. ನಾನು, ಗೌರಕ್ಕ, ಬಸವರಾಜ ಮೂವರೂ ಅಲ್ಲೇ ಇದ್ದೆವು.

"ಏನೋ ಬಸಣ್ಣ ಇದು? ಭತ್ತ ಬೆಳಿತೀಯೋ, ಗಾಜು ಬೆಳಿತೀಯೋ?"

ಬಸವರಾಜ ಗಾಜಿನ ಮೇಲೆ ಮಣ್ಣು ಎಳೆಯಲು ಹೋದ.

"ನಿಮಗ ಸೋಂಗು ಮಾಡಾಕ ಬೂಟು ಇರ್ತಾವು. ನಮ್ಮವರು ಮೊಣಕಾಲುಮಟ ಕೆಸರಾಗ ಹಿಂದ್ಹಿಂದಕ್ಕ ಹೆಜ್ಜಿ ಇಡತೀವಿ, ಹಿಂದ ಏನೈತಿ ಅಂತ ಕಣ್ಣಿಗೆ ಕಾಣ್ತೈತೇನು? ಒಬ್ಬಾಕಿ ಕಾಲು ಕೊಯ್ದ್ರ ಹದಿನೈದು ದಿನ ಆಕಿ ಮನಿ ಒಲಿ ಯಾರು ಹಚ್ತಾರ?" ಎಲೆ ಅಡಿಕೆಯನ್ನು ಬದುವಿನ ಮೇಲೆ ಇಟ್ಟು ಕೈ ಒರೆಸಿಕೊಂಡಳು. ಗೌರಕ್ಕನ ಮುಖ ಬೂದಿಯಾಯಿತು. ಅವರ ಮನೆಯ ಎಲೆ ಇದುವರೆಗೆ ವಾಪಸು ಬಂದದ್ದಿಲ್ಲವಂತೆ.

ಬಸ್ಸು ಹಿಡಿದು ವಾಪಸಾದೆವು. ಮನೆ ಬಾಗಿಲಲ್ಲಿ ಗೌರಕ್ಕ, "ಚಪ್ಲಿ ಬಿಡಿಸಿದ್ರೇನು ಅವತ್ತು?" ಎಂದರು. "ಇಲ್ಲ" ಅಂದೆ. "ನೀವು?" "ನಾನೂ ಬಿಡಲಿಲ್ಲ." ತಲೆ ಅಲ್ಲಾಡಿಸಿ ಒಳಗೆ ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ಹೇಳಿದೆ. "ಛೇ ಪಾಪ" ಎಂದರು, ಕಣ್ಣೀರಿಡುವ ಹಳದಿ ಮುಖ ಕಳಿಸಿದರು. ಅದರ ಕೆಳಗೇ ಮುಂದಿನ ಶನಿವಾರ ಕಂಪ್ಲಿ ಕಡೆ ಹೊಳೆ ದಂಡೆಯಲ್ಲಿ ಊಟ, ಬರುವವರು ಹೆಸರು ಹಾಕಿ ಅಂತ ಇತ್ತು. ನಾನು ಹೆಸರು ಹಾಕಲಿಲ್ಲ.

ಮರುದಿನದಿಂದ ಬೆಳಗಿನ ಬಸ್ಸು. ಬಸವರಾಜ ಸಾಲುಸಾಲಾಗಿ ಮಣ್ಣು ಎತ್ತಿ ಹಾಕುವುದು, ನಾನೂ ಗೌರಕ್ಕನೂ ಮರಳು ಸೋಸುವ ಜರಡಿಯಲ್ಲಿ ಸೋಸುವುದು. ಮೊದಲ ಮೂರು ದಿನ ಗೌರಕ್ಕ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು. ನಾಲ್ಕನೆಯ ದಿನ ತಮ್ಮ ಬುತ್ತಿಯಿಂದ ರೊಟ್ಟಿ, ಪುಂಡಿಪಲ್ಯೆ ನನ್ನ ತಟ್ಟೆಗೂ ಹಾಕಿದರು. ಹುಳಿಸೊಪ್ಪಿನ ಆ ಪಲ್ಯೆ ಮೊದಲು ನನಗೆ ಸೇರುತ್ತಿರಲಿಲ್ಲ, ಅವತ್ತು ಬಾಯಿ ಚಪ್ಪರಿಸಿದೆ. ಮಣ್ಣಿನಲ್ಲಿ ಸಿಕ್ಕಿದ್ದು ಹೇಳಿದರೆ ನಿಮಗೂ ಹೇಸಿಗೆಯಾದೀತು: ಹಲ್ಲುಕಡ್ಡಿ, ಸಿಗರೇಟಿನ ತುಂಡು, ಜಿಡ್ಡು ಹತ್ತಿದ ಚಮಚ, ಯಾವುದೋ ಮಗುವಿನ ಡಯಾಪರು. ಭಾನುವಾರ ಇವರೂ ಬಂದರು. ಅರ್ಧ ಗಂಟೆ ಬಗ್ಗಿ, ಸೊಂಟ ಹಿಡಿದು ನಿಂತು, "ಅಲ್ಲಾ ಕಣೇ, ಅವತ್ತು ನಾನೂ ಇಲ್ಲೆಲ್ಲೋ ಒಂದು ಬಾಟಲಿ ಇಟ್ಟೆ" ಎಂದು ಸಣ್ಣ ದನಿಯಲ್ಲಿ ಹೇಳಿದರು.

"ಹುಡುಕ್ರಿ ಹಂಗಾರ" ಎಂದರು ಗೌರಕ್ಕ. "ಗುರುತು ಸಿಕ್ಕೀತು."

ಹೀಗೆ ತಿಂಗಳು ಕಳೆಯಿತು. ಮಳೆ ಹಿಡಿಯಿತು, ಕಾಲುವೆಗೆ ನೀರು ಬಿಟ್ಟರು, ಇನ್ನು ಸೋಸುವಂತಿಲ್ಲ. ನೀರು ಹಾಯಿಸಿ ಕೆಸರು ಮಾಡಿ ಬಸವರಾಜ ಮತ್ತೆ ಹುಲಿಗೆವ್ವನ ಮನೆಗೆ ಹೋದ. ಅವಳು ಬಂದದ್ದು ಇವತ್ತು. ಎಲೆ ಮುಟ್ಟಲಿಲ್ಲ.

"ಮೊದ್ಲು ನೀವು ಇಳೀರಿ. ನಿಮ್ಮ ಕಾಲು ಹೆಂಗ ಬರ್ತಾವ ನೋಡ್ತೀನಿ."

ಬಸವರಾಜ ಪಂಚೆ ಎತ್ತಿ ಕಟ್ಟುತ್ತಿದ್ದ. ನಾನು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಅವನಿಗಿಂತ ಮೊದಲೇ ಇಳಿದೆ. ಕೆಸರು ಬೆಚ್ಚಗೆ, ಲೋಳೆಲೋಳೆಯಾಗಿ ಬೆರಳ ಸಂದಿಯಿಂದ ಮೇಲೆ ಬಂತು. ನನ್ನ ಹಿಂದೆ ಗೌರಕ್ಕ, ಸೀರೆ ಮೊಣಕಾಲಿಗೆ ಸಿಕ್ಕಿಸಿ. "ಏನಾತ್ರಿ?" ಎಂದು ಕೇಳುತ್ತಲೇ ಇದ್ದರು. "ಏನಿಲ್ಲ." ಇನ್ನು ನಾಲ್ಕು ಹೆಜ್ಜೆ. "ಏನಾತ್ರಿ?" "ಏನಿಲ್ಲ ಗೌರಕ್ಕ." ಆಚೆ ಬದು ಹತ್ತಿದಾಗ ನನ್ನ ಕಾಲು ಹಾಗೇ ಇತ್ತು, ಅವರದ್ದೂ. ಬಸವರಾಜ ನಡುವಿನ ಸಾಲಿನಲ್ಲಿ ಬರುತ್ತಿದ್ದವನು ಒಂದು ಕಡೆ ನಿಂತ. ಏನೂ ಆಗದವನ ಹಾಗೆ ಮತ್ತೆ ನಡೆದ. ಹುಲಿಗೆವ್ವ ನೀರನ್ನೇ ನೋಡುತ್ತಿದ್ದಳು.

"ಕಾಲು ಎತ್ತೋ ಬಸಣ್ಣ."

ಎತ್ತಿದ. ಹಿಮ್ಮಡಿಯಿಂದ ರಕ್ತ ಕೆಸರಿನ ಮೇಲೆ ದಾರದಂತೆ ಇಳಿಯುತ್ತಿತ್ತು. ಹುಲಿಗೆವ್ವ ತಾನೇ ಕೂತು, ಅವನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಉಗುರಿನಿಂದ ಹೆಸರುಬೇಳೆಯಷ್ಟು ಹಸಿರು ಗಾಜು ಕಿತ್ತಳು. ಬೈಯಲಿಲ್ಲ.

"ಮುಂದಿನ ಎರಡು ಮಡಿ ಹಚ್ಚಿಕೊಡ್ತೀವಿ. ಇದು ಬ್ಯಾಡ. ಈ ವರ್ಷ ಬಿಟ್ಬಿಡ್ರಿ ಇದನ್ನ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮೈಸೂರಮ್ಮ, ನೀನಾದ್ರೂ ಮೊದಲು ಇಳಿದಿ" ಎಂದು ಎಲೆ ಅಡಿಕೆ ತೆಗೆದುಕೊಂಡಳು.

ಸುತ್ತ ಹಸಿರಾಗುವ ಗದ್ದೆಗಳ ನಡುವೆ ಆ ಒಂದು ಮಡಿ ಈ ವರ್ಷ ಬರೀ ನೀರು ನಿಂತು ಇರುತ್ತದೆ. ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ಕಾಣುತ್ತದೆ. ಸಂಜೆ ತಂಗಿ ಮೈಸೂರಿನಿಂದ ಫೋನು ಮಾಡಿ, "ದಸರಾಕ್ಕೆ ಬಂದುಬಿಡು, ರಾತ್ರಿಯೆಲ್ಲ ಕಛೇರಿ, ಊಟದ ಮಳಿಗೆ, ಸುತ್ತೋಣ" ಎಂದಳು. ಬರುತ್ತೇನೆ ಅಂದೆ. ಆ ಮಳಿಗೆಗಳ ಹಿಂದೆ ಬೆಳಿಗ್ಗೆ ಏನು ಬಿದ್ದಿರುತ್ತದೆ, ಅದನ್ನು ಯಾರು ಬರಿಗೈಯಲ್ಲಿ ಎತ್ತುತ್ತಾರೆ ಎಂದು ಇಪ್ಪತ್ತಾರು ವರ್ಷ ಒಂದು ಸಲವೂ ಕೇಳದವಳು ನಾನು. ಇನ್ನು ಅಲ್ಲಿ ಹೇಗೆ ಕೂತು ಉಣ್ಣಲಿ? ಇಲ್ಲಿಯವಳು ಅನ್ನಲೂ ಬಾಯಿಲ್ಲ. ಈ ಊರಲ್ಲಿ ನನ್ನದು ಅಂತ ತೋರಿಸಬಹುದಾದದ್ದು ನಾನು ಕೆಡಿಸಿದ ಆ ತುಂಡು ನೆಲ ಒಂದೇ.

ರಾತ್ರಿ ಗೌರಕ್ಕ ಕೆಳಗಿನಿಂದ ಜೋಳದ ರೊಟ್ಟಿ ಕಳಿಸಿದರು. ನಾನು ಬೇಳೆ ಸಾರು ಮಾಡಿ ಅವರಿಗೂ ಒಂದು ಪಾತ್ರೆ ಕೊಟ್ಟೆ. ರೊಟ್ಟಿ, ಶೇಂಗಾಪುಡಿ, ಮೊಸರು, ಕೊನೆಗೆ ಒಂದಿಷ್ಟು ಅನ್ನ. ಬಸವರಾಜ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಅಕ್ಕನ ಮನೆಯಲ್ಲೇ ಉಳಿದ, ಎಲ್ಲರಿಗಿಂತ ಮೊದಲು ಮಲಗಿದ್ದು ಅವನೇ. ಇವರು ನ್ಯೂಸ್ ನೋಡುತ್ತಲೇ ತೂಕಡಿಸಿದರು. ಕೆಳಗಿನ ದೀಪ ಇನ್ನೂ ಉರಿಯುತ್ತಿದೆ. ಗೌರಕ್ಕ ಅದನ್ನು ಆರಿಸಿದ ಮೇಲೆ ನಾನೂ ಮಲಗುತ್ತೇನೆ.