ದೊಡ್ಡಪ್ಪ ಆರಿಸಿದ ಕೋವಿ

ನನ್ನ ಹೆಸರಿಗೆ ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಬಂದ ದಿನ ಅಪ್ಪ ಆ ಕಾಗದವನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಚಿದ. ಓದಲಿಕ್ಕೇನೂ ಅಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಗದ್ದೆಯ ಆಚೆ ಬದಿಯಲ್ಲಿ ನಿಂತದ್ದು ದನವೋ ಜಿಂಕೆಯೋ ಅವನಿಗೆ ತಿಳಿಯುತ್ತಿರಲಿಲ್ಲ, ಇನ್ನು ಅಕ್ಷರದ ಮಾತೆಲ್ಲಿ! ನಾನೊಬ್ಬಳೇ ಮಗಳು. ನಂದೊಳ್ಳಿಯ ಕಾಡಂಚಿನ ನಮ್ಮ ಗದ್ದೆಗೆ ಟಿಲ್ಲರ್ ಹೊಡೆಯುವವಳೂ ನಾನೇ, ರಾತ್ರಿ ಮಾಳದ ಅಟ್ಟಣಿಗೆ ಹತ್ತಿ ಬೆಳೆ ಕಾಯುವವಳೂ ನಾನೇ. ಹಾಗಾಗಿ ಲೈಸೆನ್ಸ್ ನನಗೆ ಬಂತು. ಅಪ್ಪನ ಹಳೇ ಕೇಪಿನ ಕೋವಿಯ ನಳಿಗೆ ತುಕ್ಕು ತಿಂದು ಹೋಗಿತ್ತು, ಹೊಸದು ಕೊಳ್ಳಬೇಕಿತ್ತು.

"ಕೋವಿ ಮಾತ್ರ ದೊಡ್ಡಪ್ಪನೇ ಆರಿಸ್ಲಿ," ಅಂದ ಅಪ್ಪ.

ನನಗೆ ತಲೆ ಗಿರ್ರೆಂದಿತು. ಅಪ್ಪನ ತೊಡೆಯಲ್ಲಿ ಇವತ್ತಿಗೂ ಕೂತಿರುವ ಚರೆಗಳನ್ನು, ಆ ಸೀಸದ ಕಾಳುಗಳನ್ನು, ಅಲ್ಲಿಗೆ ಕಳಿಸಿದವನು ಇದೇ ದೊಡ್ಡಪ್ಪ.

ಅದು ನಾನು ತೊಟ್ಟಿಲಲ್ಲಿದ್ದಾಗಿನ ಕತೆ. ಆಗಲೂ ಜಿಂಕೆ ಬೇಟೆ ಕಾನೂನಿಗೆ ವಿರುದ್ಧವೇ, ಆದರೂ ಊರವರು ಕದ್ದು ಹೋಗುತ್ತಿದ್ದರು. ಕೆಲವರು ಒಂದು ಕಡೆಯಿಂದ ಗದ್ದಲ ಹಾಕಿ ಪ್ರಾಣಿಗಳನ್ನು ಎಬ್ಬಿಸುತ್ತಾರೆ. ಕೋವಿ ಹಿಡಿದವರು ಇನ್ನೊಂದು ಕಡೆ ಒಬ್ಬೊಬ್ಬರೇ ಅಲ್ಲಾಡದೆ ಕಾದು ಕೂರುತ್ತಾರೆ. ಹಾಗೆ ಕೂರುವ ಜಾಗಕ್ಕೆ ಬಿಲ್ಲು ಅನ್ನುತ್ತಾರೆ. ಎಲ್ಲ ಮುಗಿಯಿತೆಂದು ಕರೆ ಬರುವವರೆಗೆ ಯಾರೂ ಬಿಲ್ಲು ಬಿಟ್ಟು ಏಳಬಾರದು. ಅಪ್ಪ ಎದ್ದ. ಕಾಲು ಜೋಮು ಹಿಡಿಯಿತು ಎಂದು ಒಮ್ಮೆ ಹೇಳುತ್ತಾನೆ, ನೀರು ಕುಡಿಯಲು ಹೋದೆ ಎಂದು ಇನ್ನೊಮ್ಮೆ. ಬೆಳಗಿನ ಮಂಜು, ಮೈಮೇಲೆ ಕಂದು ಕಂಬಳಿ, ಪೊದೆಯ ಆಚೆ ಬಗ್ಗಿಕೊಂಡು ಹೊರಟಿದ್ದಾನೆ. ದೊಡ್ಡಪ್ಪ ಜಿಂಕೆ ಎಂದು ಹೊಡೆದುಬಿಟ್ಟ.

ತಪ್ಪು ಯಾರದು? ಇವತ್ತಿಗೂ ನನಗೆ ಬಗೆಹರಿದಿಲ್ಲ. "ಬಿಲ್ಲು ಬಿಟ್ಟವ ನಾನು," ಅನ್ನುತ್ತಾನೆ ಅಪ್ಪ. "ಕಣ್ಣು ಬಿಟ್ಟು ನೋಡದೇ ಹೊಡೆದವ ಅವ," ಅನ್ನುತ್ತಾಳೆ ಅಮ್ಮ. ದೊಡ್ಡಪ್ಪ ಏನೂ ಅನ್ನುವುದಿಲ್ಲ. ಆ ವರ್ಷ ಚುನಾವಣೆ ಬಂದಾಗ ಎಲ್ಲರಂತೆ ತನ್ನ ಜೋಡು ನಳಿಗೆಯ ಕೋವಿಯನ್ನು ಠಾಣೆಗೆ ಒಪ್ಪಿಸಿದ. ಚುನಾವಣೆ ಮುಗಿದ ಮೇಲೆ ಊರವರೆಲ್ಲ ಹೋಗಿ ತಂತಮ್ಮ ಕೋವಿ ತಂದರು, ಅವನು ಹೋಗಲೇ ಇಲ್ಲ. ಹಾಗಂತ ಅಣ್ಣತಮ್ಮಂದಿರು ಮಾತು ಬಿಟ್ಟವರಲ್ಲ. ಒಂದೇ ಅಂಗಳ, ಹಬ್ಬಕ್ಕೆ ಒಂದೇ ಪಂಕ್ತಿ. ಆ ಬೆಳಗಿನ ಮಾತೊಂದನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ನನ್ನ ಗೊಂದಲವೋ, ಕೇಳಬೇಡಿ. ಮೊಬೈಲಿನಲ್ಲಿ ಯಾವುದೋ ದೇಶದ ಅಪ್ಪಂದಿರು ಮಕ್ಕಳಿಗೆ ಮೊದಲ ಜಿಂಕೆ ರೈಫಲ್ ಆರಿಸಿಕೊಡುವ ವಿಡಿಯೋಗಳನ್ನು ನೋಡಿ ನೋಡಿ, ರೈಫಲ್ಲೇ ಬೇಕು ಎಂದು ತಲೆಗೆ ಹತ್ತಿತ್ತು. ಪಕ್ಕದ ಮನೆಯವರು ಏರ್ ಗನ್ ಸಾಕು ಅಂದರು. ಚಹಾ ಅಂಗಡಿಯಲ್ಲಿ ಸಿಕ್ಕ ಫಾರೆಸ್ಟ್ ಗಾರ್ಡ್ ನಗುನಗುತ್ತಲೇ, "ಜಿಂಕೆಗೆ ಹೊಡೆದ್ರೆ ಒಳಗೆ ಹಾಕ್ತೇವೆ ತಂಗಿ, ಹೆದರಿಸೂಕೆ ಮಾತ್ರ ಇಟ್ಕೋ," ಅಂದ. ಬರೀ ಹೆದರಿಸಲಿಕ್ಕಾದರೆ ಡಬ್ಬಿ ಬಡಿದರೆ ಸಾಲದೇ ಮಾರಾಯರೇ? ಹಾಲುಗಾಳಿನ ಭತ್ತವನ್ನು ಜಿಂಕೆ ಹಿಂಡು ಮೇಯ್ದು ಹೋದ ಬೆಳಿಗ್ಗೆ ನಾನು ಸಿಟ್ಟಿನಿಂದ ಕುದಿದಿದ್ದೇನೆ, ಒಂದನ್ನಾದರೂ ಕೆಡವಬೇಕು ಎಂದು ಹಲ್ಲು ಕಚ್ಚಿದ್ದೇನೆ. ಅದೇ ಹಿಂಡಿನ ಮರಿ ಬದುವಿನ ಮೇಲೆ ನಿಂತು ನೋಡಿದರೆ ಪಾಪ ಅನಿಸಿದ್ದೂ ಇದೆ. ಇದೆಲ್ಲಕ್ಕಿಂತ ದೊಡ್ಡ ಹೆದರಿಕೆ ಒಂದಿತ್ತು, ಯಾರಿಗೂ ಹೇಳಿರಲಿಲ್ಲ. ಸೊಪ್ಪಿಗೆಂದು, ದನ ಹುಡುಕಲೆಂದು ಆ ಕಾಡಂಚಿನಲ್ಲಿ ದಿನವೂ ಯಾರಾದರೂ ಓಡಾಡುತ್ತಾರೆ. ನಾಳೆ ನಾನೂ ಹಾಗೆಯೇ ಒಬ್ಬರಿಗೆ ಹೊಡೆದುಬಿಟ್ಟರೆ? ನನ್ನ ಮೈಯಲ್ಲಿ ಹರಿಯುವುದೂ ಅದೇ ಮನೆಯ ರಕ್ತವಲ್ಲವೇ.

ದೊಡ್ಡಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ವಿಷಯ ಹೇಳಿದೆ.

"ನಾನಾ? ನಿನ್ನಪ್ಪಂಗೆ ಕಣ್ಣಿನ ಸಂಗಡ ತಲೆನೂ ಹೋಯ್ತಾ ಎಂತ?"

"ನಂಗೂ ಹಂಗೇ ಅನ್ಸಿತು," ಅಂದೆ. ನಾನು ಬಾಯಿಗೆ ಬಂದದ್ದನ್ನು ನುಂಗುವವಳಲ್ಲ.

ಅವನು ನಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನಾನೂ ಅಪ್ಪನೂ ಹೊರಡುವಾಗ ಇಸ್ತ್ರಿ ಅಂಗಿ ಹಾಕಿಕೊಂಡು ನಮಗಿಂತ ಮೊದಲೇ ಬಸ್ಸಿಗೆ ಕಾಯುತ್ತಿದ್ದ. ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಶಿರಸಿ ಮುಟ್ಟುವವರೆಗೆ ಮೂವರೂ ಮಳೆ, ಗೊಬ್ಬರ, ಸೋದರತ್ತೆಯ ಮಂಡಿನೋವು, ಎಲ್ಲ ಮಾತಾಡಿದೆವು. ಕೋವಿಯ ಮಾತು ಬರಲಿಲ್ಲ.

ಶಿರಸಿಯ ಕೋವಿ ಅಂಗಡಿಯವರು ಬಯಲುಸೀಮೆ ಕಡೆಯವರು. ನನ್ನತ್ತ ನೋಡದೆ ದೊಡ್ಡಪ್ಪನನ್ನೇ ಕೇಳಿದರು, "ಹುಡುಗಗ ಯಾವ್ದು ಬೇಕ್ರಿ?"

"ಹುಡುಗ ಅಲ್ಲ, ಹುಡುಗಿ. ಲೈಸೆನ್ಸ್ ನಂದು, ನನ್ನ ಮಖ ನೋಡಿ ಮಾತಾಡಿ," ಅಂದೆ. ಅವರು ಪೆಚ್ಚಾದರು. ರೈಫಲ್ ಅಂದದ್ದಕ್ಕೆ ಅಡ್ಡಡ್ಡ ತಲೆಯಾಡಿಸಿದರು. ಅದರ ಗುಂಡು ಗದ್ದೆ ದಾಟಿ ಆಚೆ ಊರಿಗೆ ಹೋಗುತ್ತದಂತೆ, ನನ್ನ ಕಾಗದಕ್ಕೆ ಅದು ಸಿಗುವುದೂ ಇಲ್ಲವಂತೆ. ಅಲ್ಲಿಗೆ ವಿಡಿಯೋ ನೋಡಿ ಕಲಿತದ್ದೆಲ್ಲ ನೀರಿಗೆ ಹಾಕಿದ ಹಾಗಾಯಿತು. ಮೇಜಿನ ಮೇಲೆ ಎರಡು ತೋಟಾ ಕೋವಿ ಇಟ್ಟರು. ಒಂದು ಒಂಟಿ ನಳಿಗೆಯದು, ಒಂದು ಜೋಡು.

ಜೋಡು ನಳಿಗೆಯದನ್ನು ನಾನು ಹೆಗಲಿಗೆ ಏರಿಸಿದೆ. ಚೆನ್ನಾಗಿ ಕೂತಿತು. ಹಿಡಿದಾಗ ಖುಷಿಯಾಯಿತು, ಖುಷಿಯಾದದ್ದಕ್ಕೆ ಹೆದರಿಕೆಯಾಯಿತು. "ಇದನ್ನ ಒಯ್ರಿ," ಅಂದರು ಅಂಗಡಿಯವರು, "ಹಂದಿ ಗಾಯ ಆಗಿ ಮೈಮ್ಯಾಲೆ ಬಂದ್ರ ಎರಡನೇ ಈಡು ಇರ್ತದ."

ದೊಡ್ಡಪ್ಪ ನನ್ನ ಕೈಯಿಂದ ಅದನ್ನು ಇಸಿದುಕೊಂಡ. ಇಪ್ಪತ್ತೈದು ವರ್ಷಗಳ ಮೇಲೆ ಅವನ ಕೈಗೆ ಕೋವಿ ಬಂದದ್ದು. ಮೆಲ್ಲನೆ ಮೇಜಿನ ಮೇಲಿಟ್ಟು, "ಒಂಟಿದು ತಕಾ ತಂಗಿ," ಅಂದ. "ಎರಡ್ನೇದು ಉಂಟು ಅಂತ ಧೈರ್ಯ ಇದ್ರೆ ಮೊದಲ್ನೇದ್ಕೆ ಯಾರೂ ಸಮಾ ನೋಡೂದಿಲ್ಲ. ನಾ ನೋಡ್ಲಿಲ್ಲ."

ನಾನು ಅಪ್ಪನ ಕಡೆ ನೋಡಿದೆ. ಅವನು ಸ್ಟೂಲಿನ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ.

"ಹೊಡೆದದ್ದು ಹಾಳಾಗ್ಲಿ," ಅಂದ ದೊಡ್ಡಪ್ಪ. "ಬಿದ್ದ ಕೂಡ್ಲೆ ನಾ ಕೂಗು ಹಾಕ್ದೆ ಮಾರಾಯ್ತಿ. ಕುಣಿದ್ಬಿಟ್ಟೆ. ಹತ್ರ ಹೋಗಿ ಕಂಬಳಿ ಕಾಣೂತನಕ ಖುಷಿಯೇ ಖುಷಿ. ಇಷ್ಟ್ ವರ್ಷ ಇವಂಗೆ ಹೇಳೂಕೆ ಬಾಯಿ ಬರ್ಲಿಲ್ಲ."

ಬೇಟೆಯಲ್ಲಿ ಪ್ರಾಣಿ ಬಿದ್ದರೆ ಹೊಡೆದವನು ಗಟ್ಟಿಯಾಗಿ ಕೂಗು ಹಾಕುತ್ತಾನೆ. ಬಿದ್ದದ್ದು ನನ್ನ ಈಡಿಗೆ ಎಂದು ಎಲ್ಲರಿಗೂ ತಿಳಿಯಲಿ ಎಂದು. ಆ ಕೂಗಿನ ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನಗೆ ದೊಡ್ಡಪ್ಪನ ಮೇಲೆ ಸಿಟ್ಟು ಬರಬೇಕೋ ಅವನನ್ನು ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಅಂಗಡಿಯವರು ತೋಟಾದ ಡಬ್ಬಿಗಳನ್ನು ಸರಿಪಡಿಸುವ ನೆಪದಲ್ಲಿ ಒಳಗೆ ಹೋದರು.

"ನಂಗೆ ಕೇಳಿತ್ತು ಅಣ್ಣ," ಅಂದ ಅಪ್ಪ, ರಸ್ತೆಯ ಕಡೆಗೇ ಮುಖವಿಟ್ಟುಕೊಂಡು. "ನಿನ್ ಕೂಗು ಕೇಳಿ, ನಮ್ಮಣ್ಣ ಕೆಡವಿದ ಅಂತ ನಂಗೂ ಖುಷಿಯಾಯ್ತು. ಏಳೂಕೆ ನೋಡ್ದೆ. ಆಮೇಲೇ ನನ್ ಕಾಲಿನ ರಕ್ತ ಕಂಡದ್ದು."