ತಂಗಿಯ ಸಹಿ ಇಲ್ಲದ ಕರಾರು

ನಾನು ಆಳಂದದ ತಹಶೀಲ್ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಬಾಂಡ್, ಅಂದರೆ ಕರಾರು ಪತ್ರ, ಬರೆಯುವವನು. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ ಕೊಡುವವರು, ಮನೆ ಬಾಡಿಗೆಗೆ ಕೊಡುವವರು ಬಂದು ತಮ್ಮ ಷರತ್ತು ಹೇಳುತ್ತಾರೆ. ಅವರಿಗೆ ಹೊಳೆಯದ ಎರಡನ್ನು ನಾನೇ ಸೇರಿಸುತ್ತೇನೆ. ಇಂಥವನ ಪಾಲಿಗೆ ತಂಗಿಯನ್ನು ಬೆಳೆಸುವ ಕೆಲಸ ಬಂದರೆ ಏನಾದೀತು, ನೀವೇ ಊಹಿಸಿ.

ಅಪ್ಪ ಮೊದಲೇ ಹೋಗಿದ್ದ. ಮೂರು ವರ್ಷದ ಹಿಂದೆ ಅವ್ವನೂ ತೀರಿಕೊಂಡಾಗ ತಂಗಿ ನೀಲಾಳನ್ನು ನಮ್ಮೂರು ಹಿರೋಳ್ಳಿಯಿಂದ ನನ್ನ ಬಾಡಿಗೆ ಮನೆಗೆ ಕರೆತಂದೆ. ಆಗ ಅವಳು ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಈಗ ಹದಿನಾರು, ಪಿಯುಸಿ ಓದುತ್ತಾಳೆ, ಕಾಲೇಜಿನ ಖೋ ಖೋ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುತ್ತಾಳೆ. ಅವಳು ಬೆಳೆದಂತೆ ನನ್ನ ಹೆದರಿಕೆಯೂ ಬೆಳೆಯಿತು. ಹೆದರಿದವನು ತನಗೆ ಬರುವುದನ್ನೇ ಮಾಡುತ್ತಾನೆ. ಹನ್ನೊಂದು ಷರತ್ತು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಸಂಜೆ ಆರರೊಳಗೆ ಮನೆ ಸೇರತಕ್ಕದ್ದು. ಊಟದ ಹೊತ್ತಿಗೆ ಮೊಬೈಲ್ ಮುಟ್ಟತಕ್ಕದ್ದಲ್ಲ. ಅಣ್ಣನಿಲ್ಲದೆ ಪರ ಊರಿಗೆ ಹೋಗತಕ್ಕದ್ದಲ್ಲ. ನೀಲಾ ಓದಿ, "ಅಕ್ಷರ ಚಲೋ ಅವ ನೋಡಣ್ಣಾ" ಅಂದು ರೊಟ್ಟಿ ಬಡಿಯಲು ಕೂತಳು.

ಜೇವರ್ಗಿಯಲ್ಲಿ ಪಂದ್ಯ ಬಂತು. ಪಿ.ಟಿ. ಮೇಡಂ ಇದ್ದರೂ ಷರತ್ತಿನ ಪ್ರಕಾರ ನಾನೂ ಬಸ್ ಹತ್ತಿದೆ, ಹನ್ನೆರಡು ಹುಡುಗಿಯರ ನಡುವೆ ಚುರುಮುರಿ ಡಬ್ಬಿ ಹಿಡಿದುಕೊಂಡು. ನೀಲಾ ಇನ್ನೊಂದು ನಿಮಿಷ ಔಟಾಗದೆ ಓಡಿದ್ದರೆ ತಂಡ ಗೆಲ್ಲುತ್ತಿತ್ತು. ಎದುರು ತಂಡದ ಉದ್ದ ಕೈಯ ಹುಡುಗಿಯೊಬ್ಬಳು ಬೆನ್ನಟ್ಟಿದ್ದು ಕಂಡು ನಾನು ಗೆರೆಯ ತನಕ ಓಡಿ, "ನೀಲಾ, ಹಿಂದ ನೋಡಬೇ!" ಎಂದು ಕಿರುಚಿದೆ. ಅವಳು ಹಿಂದೆ ನೋಡಲಿಲ್ಲ, ನನ್ನನ್ನು ನೋಡಿದಳು. ಅಷ್ಟರಲ್ಲಿ ಬೆನ್ನಿಗೆ ಕೈ ಬಿತ್ತು. ತಂಡ ಸೋತಿತು.

ಎರಡು ದಿನ ನೀಲಾ ನನಗೆ ರೊಟ್ಟಿ ಬಡಿಸಿ, ತನ್ನ ತಾಟು ಹಿಡಿದು ಅಂಗಳದಲ್ಲಿ ಕೂತು ಉಂಡಳು. ಮೂರನೆಯ ದಿನ ಜೋಳ ಹಸನು ಮಾಡುತ್ತಾ ಕೇಳಿದಳು:

"ಅಣ್ಣಾ, ನೀ ಬರಿಯೋ ಬಾಂಡಿಗೆ ಒಬ್ರೇ ಸಹಿ ಮಾಡ್ತಾರೇನು?"

"ಇಲ್ಲ, ಇಬ್ರೂ ಮಾಡಬೇಕು."

"ಮತ್ತ ಗ್ವಾಡಿ ಮ್ಯಾಲಿನ ಹಾಳ್ಯಾಗ ನನ್ನ ಸಹಿ ಎಲ್ಲದ?"

ಇಷ್ಟು ವರ್ಷದ ಕಸುಬಿನಲ್ಲಿ ಯಾವ ವಕೀಲನೂ ನನ್ನನ್ನು ಇಷ್ಟು ಸಲೀಸಾಗಿ ಹಿಡಿದು ಹಾಕಿರಲಿಲ್ಲ. ಹಾಳೆ ಕಿತ್ತು ಇಬ್ಬರೂ ಕೂತೆವು. ಅಭ್ಯಾಸವಿದ್ದ ದಿನ ಆರರ ಬದಲು ಏಳು ಗಂಟೆ. ಮೊಬೈಲ್ ಷರತ್ತನ್ನು ಅವಳೇ ಉಳಿಸಿದಳು, 'ಅಣ್ಣನೂ ಸಹ' ಎಂದು ಸೇರಿಸಿ. ಮೇಡಂ ಜೊತೆಗಿದ್ದರೆ ಪರ ಊರಿಗೆ ಹೋಗಬಹುದು; ತಲುಪಿದಾಗ ಒಂದು ಫೋನ್, ಹೊರಡುವಾಗ ಒಂದು. ಗೆಳತಿಯರು ಮೂವರು ಒಂದೇ ಸ್ಕೂಟಿ ಮೇಲೆ ಹೋಗುವುದಕ್ಕೆ ಮಾತ್ರ ಜಪ್ಪಯ್ಯ ಅಂದರೂ ನಾನು ಒಪ್ಪಲಿಲ್ಲ. ನನ್ನ ಆ ಹಟಕ್ಕೆ ಅವಳು ಮುಖ ಊದಿಸಿಕೊಂಡೇ ಮಣಿದಳು. ಕೊನೆಯ ಸಾಲು ಅವಳ ಕೈಬರಹದ್ದು: 'ಸದರಿ ಅಣ್ಣನು ಮೈದಾನದ ಹತ್ತಿರ ಸುಳಿಯತಕ್ಕದ್ದಲ್ಲ.' ಇಬ್ಬರೂ ಸಹಿ ಮಾಡಿದೆವು.

ಹೋದ ತಿಂಗಳು ಅಫಜಲಪುರದಲ್ಲಿ ಪಂದ್ಯವಿತ್ತು. ನಾನು ಹೋಗಲಿಲ್ಲ. ಮರದ ಕೆಳಗೆ ಕೂತು, ಹೊಲ ಕೊಡುವವನ ಹೆಸರಿನ ಜಾಗದಲ್ಲಿ 'ನೀಲಾಂಬಿಕಾ' ಎಂದು ತಂಗಿಯ ಪೂರ್ತಿ ಹೆಸರು ಬರೆದು ಒಂದು ಬಾಂಡ್ ಹಾಳು ಮಾಡಿದೆ. ಹೇಳಿದಂತೆ ಎರಡೂ ಫೋನ್ ಬಂದವು. ಸಂಜೆ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ ಸ್ಟ್ಯಾಂಡ್ ಮೈದಾನವಲ್ಲವಲ್ಲ!

ಮೊಣಕಾಲು ತರಚಿಕೊಂಡು, ಮೈಯೆಲ್ಲ ಧೂಳಾಗಿ ಇಳಿದಳು. ಬಾಯಿಗೆ ಬಂದ ಹತ್ತು ಪ್ರಶ್ನೆಗಳನ್ನು ನುಂಗಿಕೊಂಡು ಅವಳ ಬ್ಯಾಗ್ ಎತ್ತಿಕೊಂಡೆ.

"ಫೈನಲ್‌ನಾಗ ಸೋತ್ವಿ, ಅಣ್ಣಾ. ಆದ್ರ ಕಡೀತನ ನಾ ಔಟಾಗ್ಲಿಲ್ಲ" ಅಂದಳು.

ಆಮೇಲೆ ಮಾತು ನಿಲ್ಲಲೇ ಇಲ್ಲ. ಯಾರು ಬಿದ್ದರು, ಯಾರು ಅತ್ತರು, ಮೇಡಂ ಏನಂದರು, ಮುಂದಿನ ವರ್ಷ ಹೇಗೆ ಗೆಲ್ಲಬೇಕು. ಮೂರು ವರ್ಷ ನಾನು ಕೇಳಿ ಕೇಳಿ 'ಹೂಂ' ಎಂಬುದನ್ನಷ್ಟೇ ಪಡೆದಿದ್ದೆ. ಕೇಳದೆ ಇದ್ದ ದಿನ ಎಲ್ಲ ಸಿಕ್ಕಿತು. ಹಾಗೇ ನಡೆಯುತ್ತಾ ನಮ್ಮ ಓಣಿಯ ತಿರುವು ದಾಟಿ ಬಜಾರದ ಕಡೆ ಬಂದುಬಿಟ್ಟಿದ್ದೆವು. ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಗಿತ್ತು. ಸುಮ್ಮನೆ ಜೊತೆಗೆ ನಡೆದೆ.