ಬೆಚ್ಚಗಿದ್ದ ಮೊಟ್ಟೆ ಬೋಗುಣಿ

ಇನ್ನೂ ಬೆಳಕು ಹರಿದಿಲ್ಲ. ಮಧ್ಯಾಹ್ನ ಬೇಸ್‌ಬಾಲ್ ಪಂದ್ಯ. ಮೈದಾನದ ಹಿಂಬದಿಯ ಅಂಗಡಿಗಳಲ್ಲಿ ಕಿಂಬಾಪ್ ಕೆಲಸ ಆಗಲೇ ಶುರುವಾಗಿದೆ. ಕಡಲಪಾಚಿಯ ಹಾಳೆಯ ಮೇಲೆ ಅನ್ನ, ಅದರ ಮೇಲೆ ಮೊಟ್ಟೆಯ ಪಟ್ಟಿ, ಆಮೇಲೆ ಸುರುಳಿ. ಆಹಾರ ತಪಾಸಣಾಧಿಕಾರಿ ಮಾ ಯಂಗ್-ರಾನ್ ಒಳಗೆ ಕಾಲಿಟ್ಟದ್ದೇ ತಡ, ಹರಟೆ ನಿಲ್ಲುತ್ತದೆ.

"ಬಂತಪ್ಪ ಶನಿ," ಎನ್ನುತ್ತಾಳೆ ಕೋಳಿ ಕರಿಯುವವಳು, ಕೇಳಿಸುವ ಹಾಗೆಯೇ.

"ಶನಿ ಬೆಳಿಗ್ಗೇನೇ ಬಂದ್ರೆ ಮಧ್ಯಾಹ್ನ ಆಂಬುಲೆನ್ಸ್ ಬರಲ್ಲ ಕಣೇ," ಎನ್ನುತ್ತಾರೆ ಯಂಗ್-ರಾನ್.

ಮೊದಲು ಇವರು ಶಾಲೆಯೊಂದರ ಅಡುಗೆಯವರು. ಒಂದು ಬೇಸಿಗೆಯಲ್ಲಿ ಅಲ್ಲಿನ ಮಕ್ಕಳು ಫ್ರಿಜ್ಜಿನ ಹೊರಗಿಟ್ಟು ಕೆಟ್ಟಿದ್ದ ಮೊಟ್ಟೆ ತಿಂದು ಆಸ್ಪತ್ರೆ ಸೇರಿದರು. ಆಮೇಲೆ ಹಟ ಹಿಡಿದು ಓದಿ, ಪರೀಕ್ಷೆ ಬರೆದು ಈ ಕೆಲಸಕ್ಕೆ ಬಂದರು. ಹದಿನೆಂಟು ವರ್ಷವಾಯಿತು, ಒಬ್ಬರೂ ಇವರಿಗೆ ನೆಟ್ಟಗೆ ನಮಸ್ಕಾರ ಹೇಳಿದ್ದು ಇಲ್ಲಿ ಕಸ ಗುಡಿಸುವ ನಾನು ಕಂಡಿಲ್ಲ.

ಇಂದು ಎಡವಟ್ಟಾದದ್ದು ಗೀ ಬೊಕ್-ಶಿಲ್ ಅಂಗಡಿಯಲ್ಲಿ. ಅರವತ್ತೆಂಟರ ಈ ಒಂಟಿ ಹೆಂಗಸು ಮೊಟ್ಟೆಗಳನ್ನೆಲ್ಲ ಒಟ್ಟಿಗೆ ಒಡೆದು ದೊಡ್ಡ ಬೋಗುಣಿಯಲ್ಲಿ ಕಟ್ಟೆಯ ಮೇಲೇ ಬಿಟ್ಟಿದ್ದಾರೆ. ಫ್ರಿಜ್ ತುಂಬ ಬಿಯರ್.

"ಬಿಯರ್ ಬೆಚ್ಚಗಿದ್ರೆ ಜನ ಬೈತಾರೆ. ಮೊಟ್ಟೆ ಬೆಚ್ಚಗಿದ್ರೆ ಯಾರು ಕೇಳ್ತಾರೆ?"

"ನಾನು ಕೇಳ್ತೀನಕ್ಕ," ಎಂದು ಯಂಗ್-ರಾನ್ ಬೋಗುಣಿಗೆ ಉಷ್ಣಮಾಪಕ ಇಳಿಸುತ್ತಾರೆ. ಮೊಟ್ಟೆ ಬೆಚ್ಚಗೇ ಇದೆ. ಈ ಆಟದ ಋತುವಿನಲ್ಲಿ ಇವರದು ಇದು ಎರಡನೇ ತಪ್ಪು. ಮೈದಾನದ ಕರಾರಿನಂತೆ ಎರಡನೇ ತಪ್ಪಿಗೆ ಅಂಗಡಿಯೇ ಹೋಗುತ್ತದೆ.

ಬೊಕ್-ಶಿಲ್ ದನಿ ತಗ್ಗುತ್ತದೆ. "ಒಂದ್ಸಲ ಕಣ್ಣು ಮುಚ್ಕೊಂಬಿಡು ತಂಗಿ. ನಿಮ್ಮಮ್ಮ ತೀರ್ಕೊಂಡಾಗ ಮೂರು ದಿನ ನಿಂತು ಬಂದೋರಿಗೆಲ್ಲ ಸಾರು ಬಡಿಸಿದ್ದು ಯಾರು?"

"ನೀನೇ ಅಕ್ಕ. ಮರೆತಿಲ್ಲ."

ಮರೆಯದೆಯೇ ಬೋಗುಣಿಯನ್ನು ಮೋರಿಗೆ ಸುರಿಯುತ್ತಾರೆ. ಸುತ್ತಿಟ್ಟ ಸುರುಳಿಗಳೂ ಕಸದ ಚೀಲ ಸೇರುತ್ತವೆ. ಬಾಗಿಲಿಗೆ ಮುದ್ರೆ ಬೀಳುತ್ತದೆ. ಬೊಕ್-ಶಿಲ್ ಅಳುವುದಿಲ್ಲ, ಏಪ್ರನ್ ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆದುಬಿಡುತ್ತಾರೆ. ಯಾರದು ಸರಿ ಎಂದು ಗೊತ್ತಿದ್ದೂ ಅವರು ತಿರುವು ದಾಟುವವರೆಗೆ ನೋಡುತ್ತಲೇ ಇರುತ್ತೇನೆ.

ಮಧ್ಯಾಹ್ನ ಒಳಗೆ ಜನರ ಕೂಗು ಮುಗಿಲು ಮುಟ್ಟಿದೆ. ಯಂಗ್-ರಾನ್ ಹೊರಗಿನ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಬಾರ್ಲಿ ನೀರು ಕುಡಿಯುತ್ತಿದ್ದಾರೆ. ಈ ಕೆಲಸ ಬಿಟ್ಟ ಮೇಲೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ತಪಾಸಣೆಯೋರು ಅಂಗಡಿಯೋರ ಕೈಯಿಂದ ಏನೂ ತಿನ್ನೋ ಹಾಗಿಲ್ಲ. ಇಷ್ಟು ವರ್ಷ ಬರೀ ವಾಸನೆ. ಮುಂದಿನ ವರ್ಷ ರಿಟೈರ್ ಆಗಿ, ಟಿಕೆಟ್ ತಗೊಂಡು, ಅಕ್ಕನ ಕಿಂಬಾಪ್ ತಿನ್ಕೊಂಡು ಆಟ ನೋಡ್ಬೇಕು ಅಂತಿದ್ದೆ."

ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಏಳುತ್ತಾರೆ.

"ಈಗ ಆಟ ಮಾತ್ರ ನೋಡ್ತೀನಿ."